ತುಟಿ ಉಬ್ಬಿಸಿದ ಕಾರು

ಶೈಲಶ್ರೀಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ಗಂಡ ಚೇತನಕುಮಾರ ಮದುವೆಯಾದ ಹೊಸತರಲ್ಲೇ ಇದನ್ನು ಕಂಡುಕೊಂಡಿದ್ದ. ಆಕೆಯ ಸಿಟ್ಟಿಗೆ ಸದ್ದಿಲ್ಲ. ಪಾತ್ರೆ ಕುಕ್ಕುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಮಾತು ಬಿಡುವುದೂ ಇಲ್ಲ. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಗೆ ಅದನ್ನೊಂದು ಮೂಲೆಯಲ್ಲಿಟ್ಟು ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಾಳೆ. ಗಟ್ಟಿಯಾಯಿತು ಅನ್ನಿಸಿದ ದಿನವೇ ಮುಚ್ಚಳ ತೆಗೆಯುವುದು.

ಆಕೆ ಬೆಳೆದದ್ದು ಹೈದರಾಬಾದಿನ ಕಾಚಿಗೂಡದಲ್ಲಿ. ಹುಮನಾಬಾದ ಕಡೆಯಿಂದ ಬಂದ ತಂದೆ ಬಂಡೆಪ್ಪ ಸ್ಟೇಷನ್ ಎದುರಿನ ಲಾಡ್ಜೊಂದರಲ್ಲಿ ಮ್ಯಾನೇಜರ್. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ಲಾಡ್ಜಿನ ಕಟ್ಟೆಯ ಮೇಲೆ ಕೂತು ಟ್ರೇನಿಗೆ ಕಾಯುವ ಟ್ಯಾಕ್ಸಿಗಳನ್ನು ನೋಡುತ್ತಿದ್ದಳು. ಈ ಟ್ಯಾಕ್ಸಿ ಈಗಷ್ಟೇ ಬೈಸಿಕೊಂಡು ಬಂದಿದೆ, ಆ ಹಳದಿಯದು ಯಾರಿಗೂ ಹೇಳದೆ ಮಿಠಾಯಿ ತಿಂದಿದೆ ಎಂದು ತಂದೆಗೆ ವರದಿ ಒಪ್ಪಿಸುತ್ತಿದ್ದಳು. ಬಂಡೆಪ್ಪ ಹಳೆಯ ಬಿಲ್ಲುಗಳ ಹಿಂಬದಿ ಕೊಟ್ಟು, ಹಾಗಾದರೆ ಚಿತ್ರ ಬರೆದು ತೋರಿಸು ಅನ್ನುತ್ತಿದ್ದರು. ಹಾಗೆ ಬರೆಯುತ್ತ ಬರೆಯುತ್ತ ಪುಣೆಗೆ ಹೋಗಿ ಕಾರಿನ ಡಿಸೈನನ್ನೇ ಓದಿ ಬಂದಳು. ನೆಂಟರಿಗೆಲ್ಲ ಇದು ಎಂಥ ಓದು ಎಂದು ತಿಳಿಸಿ ಹೇಳುವಷ್ಟರಲ್ಲಿ ತಾಯಿಗೆ ಸಾಕುಸಾಕಾಗಿತ್ತು. ಕಾರು ರಿಪೇರಿ ಅಲ್ಲವಂತೆ, ಮಾರುವುದೂ ಅಲ್ಲವಂತೆ, ಅದು ಹುಟ್ಟುವ ಮೊದಲು ಹೇಗಿರಬೇಕು ಅಂತ ಹೇಳುವುದಂತೆ.

ನಾಚಾರಂನ ಶೆಡ್ಡುಗಳ ನಡುವೆ ಒಂದು ಸ್ಟುಡಿಯೋದಲ್ಲಿ ಆಕೆಗೆ ಕೆಲಸ. ಸ್ವಂತ ಡಿಸೈನರುಗಳನ್ನು ಇಟ್ಟುಕೊಳ್ಳುವ ತಾಕತ್ತಿಲ್ಲದ ಸಣ್ಣ ಕಂಪನಿಗಳು ಅಲ್ಲಿಗೆ ಬಂದು ತಮ್ಮ ಕಾರಿನ ರೂಪ ಬರೆಸಿಕೊಳ್ಳುತ್ತವೆ. ಮೊದಲು ಕಾಗದದ ಮೇಲೆ ಚಿತ್ರ, ಆಮೇಲೆ ನಿಜವಾದ ಕಾರಿನಷ್ಟೇ ದೊಡ್ಡ ಕ್ಲೇ ಮಾಡೆಲ್. ಕಂದು ಬಣ್ಣದ, ಮೇಣದಂಥ ಆ ಕ್ಲೇಯನ್ನು ಒಲೆಯಲ್ಲಿ ಬೆಚ್ಚಗೆ ಮಾಡಿ ಮೆತ್ತಿ, ಆರಿದ ಮೇಲೆ ಉಕ್ಕಿನ ಪಟ್ಟಿಯಿಂದ ಕೆರೆದು ಕೆರೆದು ರೂಪಕ್ಕೆ ತರುತ್ತಾರೆ. ಕ್ಲೇ ತುಟ್ಟಿ. ಹಾಗಾಗಿ ಆ ಸ್ಟುಡಿಯೋದಲ್ಲಿ ಎಡಭಾಗದ ಅರ್ಧ ಕಾರನ್ನು ಮಾತ್ರ ಮಾಡಿ, ಕಾರಿನ ನಟ್ಟನಡುವೆ ಉದ್ದಕ್ಕೂ ಆಳೆತ್ತರದ ಕನ್ನಡಿ ನಿಲ್ಲಿಸಿಬಿಡುವುದು ರೂಢಿ. ಅರ್ಧ ಕ್ಲೇ, ಅರ್ಧ ಪ್ರತಿಬಿಂಬ. ಕಣ್ಣಿಗೆ ಇಡೀ ಕಾರು. ಇನ್ನೊಂದು ರೂಢಿಯೂ ಉಂಟು. ಕಂಪನಿಯವರು ಹೆಸರಿಡುವ ತನಕ ಮಾಡೆಲ್ಲನ್ನು ಯಾರು ಬರೆದರೋ ಅವರ ಹೆಸರಿನಿಂದಲೇ ಕರೆಯುವುದು. ಕ್ಲೇ ಕೆಲಸದ ಹಿರಿಯ, ಯಾದಗಿರಿಯ ಸಾಬಣ್ಣ, "ಇವತ್ತು ಅಕ್ಕೋರ ಗಾಡಿ ಬಾಗಲಾ ಕೆರಿಯೋದೈತಿ" ಅಂದರೆ ಅದು ಶೈಲಶ್ರೀಯ ಕಾರು. ಪಗಾರಕ್ಕಿಂತ ಆ ಮಾತೇ ಆಕೆಗೆ ಹೆಚ್ಚು ಹಿತ.

ಪ್ರಹ್ಲಾದನನ್ನು ಆ ಸ್ಟುಡಿಯೋಗೆ ಸೇರಿಸಿದವಳೂ ಆಕೆಯೇ. ಸೇಡಂ ಕಡೆಯ ಹುಡುಗ. ಇಂಟರ್‌ವ್ಯೂಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಅವ್ವನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದ. ಅಷ್ಟೇ ಸಾಕಾಯಿತು. ನಮ್ಮ ಕಡೆಯವ ಎಂದು ಒಳಗೆ ಹೋಗಿ ಸ್ಟುಡಿಯೋದ ಮುಖ್ಯಸ್ಥ ಕಾರ್ತಿಕನಿಗೆ ಹೇಳಿ ಕೆಲಸ ಕೊಡಿಸಿದಳು. ತೆಲುಗು, ಹಿಂದಿಯ ನಡುವೆ ಇಬ್ಬರದೂ ಕನ್ನಡ. ಆಕೆಯ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅವನಿಗೊಂದು ಪಾಲು. ಅಕ್ಕಾ ಅಕ್ಕಾ ಎಂದು ಬೆನ್ನಿಗೇ ಇರುತ್ತಿದ್ದ.

ಅವನಿಗೊಂದು ಚಾಳಿಯಿತ್ತು. ಬೇರೆಯವರು ಮಾತಾಡುವಾಗ ಕೆಳತುಟಿಯನ್ನು ಮುಂದೆ ತಂದು, ರೆಪ್ಪೆಗಳನ್ನು ಅರ್ಧ ಇಳಿಸಿ, ಆರಿದ ಚಹಾ ಕೊಟ್ಟವರನ್ನು ನೋಡುವ ಹಾಗೆ ನೋಡುತ್ತಿದ್ದ. ಬೇಕಂತಲೇ ಮಾಡುತ್ತಿರಲಿಲ್ಲ ಪಾಪ. ಆ ಚಾಳಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಶೈಲಶ್ರೀ ಬಸುರಿಯಾಗಿ ಒಂಬತ್ತು ತುಂಬುತ್ತಿದ್ದಾಗ ಸ್ಟುಡಿಯೋದಲ್ಲಿ ಒಂದು ಕಾರಿನ ಕೆಲಸ ಕೈಯಲ್ಲಿತ್ತು. ಪಕ್ಕದ ಗೆರೆ ಮಾತ್ರ ಆಕೆಗೆ ಒಲಿಯುತ್ತಿರಲಿಲ್ಲ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಓಡುವ ಆ ಒಂದು ಗೆರೆಯೇ ಕಾರಿನ ನಡಿಗೆಯನ್ನು ತೀರ್ಮಾನಿಸುವುದು. ಮೆಹದಿಪಟ್ಟಣಂನ ಮನೆಯಲ್ಲಿ ಒಂದು ಮಧ್ಯಾಹ್ನ ಬೆನ್ನು ನೊಂದು ಮಗ್ಗುಲಾಗಿ ಮಲಗಿದ್ದವಳಿಗೆ ಅಲ್ಮಾರಿಯ ಕನ್ನಡಿಯಲ್ಲಿ ತನ್ನದೇ ಮೈ ಕಂಡಿತು. ಭುಜದಿಂದ ಹೊರಟ ಅಂಚು ನಡುವಿನಲ್ಲಿ ಇಳಿದು, ಸೊಂಟಕ್ಕೆ ಬಂದು ತುಂಬಿ ಏಳುತ್ತಿತ್ತು. ಭಾರವಿದೆ, ಆದರೆ ದಣಿವಿಲ್ಲ. ಎದ್ದು ಕೂರಲೂ ಹೋಗದೆ ಕೈಗೆ ಸಿಕ್ಕ ಹಾಳೆಯ ಮೇಲೆ ಎಳೆದಳು. ಫೋಟೋ ತೆಗೆದು ಪ್ರಹ್ಲಾದನಿಗೆ ಕಳಿಸಿದಳು. ಬಾಣಂತನ ಮುಗಿಸಿ ಬರುವ ತನಕ ಇದನ್ನು ಜೋಪಾನ ಮಾಡು ಎಂದಳು. ವಾರದೊಳಗೆ ತಾರಾ ಹುಟ್ಟಿದಳು.

ತೊಟ್ಟಿಲ ಕಾರ್ಯಕ್ಕೆ ಪ್ರಹ್ಲಾದ ಬಂದಿದ್ದ. ಅತ್ತೆ ಪಾರ್ವತಿಬಾಯಿ ಕೂಡಿಸಿ ಹೋಳಿಗೆ ಬಡಿಸಿದ್ದರು. ಆಫೀಸಿನ ಸುದ್ದಿ ಕೇಳಿದರೆ, ಎಲ್ಲ ಆರಾಮಿದೆ, ನೀವು ಕೂಸಿನ ಕಡೆ ಲಕ್ಷ್ಯ ಕೊಡಿ ಎಂದು ಹೇಳಿ ಹೋಗಿದ್ದ.

ರಜೆ ಮುಗಿಸಿ ಮರಳಿದ ಬೆಳಿಗ್ಗೆ ಶೈಲಶ್ರೀ ಸ್ಟುಡಿಯೋದ ದೊಡ್ಡ ಹಾಲಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಎದುರಿಗೆ ಕ್ಲೇಯಲ್ಲಿ ಆಕೆಯ ಗೆರೆ ಮಲಗಿತ್ತು. ಭುಜ, ನಡು, ಸೊಂಟ. ಕನ್ನಡಿಯಲ್ಲಿ ಅದರ ಜೋಡಿ. ಸಾಬಣ್ಣ ಮುಖ ತಗ್ಗಿಸಿಕೊಂಡು, ಇದು ಪ್ರಹ್ಲಾದ ಸರ್ ಗಾಡಿ ಎಂದ.

ಆದದ್ದು ಇಷ್ಟು. ಚಿತ್ರ ಬರೆಯುವ ಎಐಯೊಂದನ್ನು ಕಾರ್ತಿಕ ತಂದಿದ್ದ. ಎಲ್ಲರೂ ಅದಕ್ಕೆ ಮಷೀನು ಅನ್ನುತ್ತಿದ್ದರು. ಅದಕ್ಕೆ ಕಲಿಸಲು ಹಳೆಯ ಚಿತ್ರಗಳು ಬೇಕಿದ್ದವು. ಶೈಲಶ್ರೀ ಈ ಸ್ಟುಡಿಯೋಗೆ ಬಂದಾಗಿನಿಂದ ಬರೆದದ್ದನ್ನೆಲ್ಲ, ಮಲಗಿ ಎಳೆದ ಆ ಗೆರೆಯನ್ನೂ ಸೇರಿಸಿ, ಪ್ರಹ್ಲಾದ ಅದಕ್ಕೆ ಉಣಿಸಿದ್ದ. ಆಮೇಲೆ ನಾಲ್ಕು ಮಾತು ಟೈಪು ಮಾಡಿದರೆ ಅದು ರಾಶಿರಾಶಿ ಕಾರು ಹೊರಗೆ ಹಾಕತೊಡಗಿತು. ಅದರಲ್ಲೊಂದನ್ನು ಆರಿಸಿ ಮೀಟಿಂಗಿನಲ್ಲಿ ತೋರಿಸಿ, ಈ ಗೆರೆ ಮಷೀನಿಗೆ ಎಲ್ಲಿಂದ ಹೊಳೆಯಿತೋ ನನಗೂ ಗೊತ್ತಿಲ್ಲ ಎಂದು ಬೆರಗಾದವನ ಹಾಗೆ ಹೇಳಿದ್ದನಂತೆ. ತಿಂಗಳುಗಟ್ಟಲೆಯ ಕೆಲಸ ವಾರದಲ್ಲಿ ಮುಗಿದದ್ದಕ್ಕೆ ಕಾರ್ತಿಕ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದ.

ಶೈಲಶ್ರೀ ಅವನ ಮೇಜಿನ ಹತ್ತಿರ ಹೋದಳು.

"ಪ್ರಹ್ಲಾದ, ಈ ಗೆರಿ ನಂದಲ್ಲೇನೋ?"

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಅಕ್ಕಾ, ನಿಮ್ಮದು, ನಮ್ಮದು ಅಂತ ಈಗೇನೂ ಉಳದಿಲ್ರಿ. ಎಲ್ಲಾ ಅದರ ಹೊಟ್ಟ್ಯಾಗ ಹೋಗೈತಿ. ಅದು ಹೊರಗ ಕೊಟ್ಟಿದ್ದು ಅದರದು. ಕೇಳಿ ತಗೊಂಡಾಂವ ನಾನು."

ಹೀಗೆಂದು ಅವನು ತಲೆಯೆತ್ತಿ, ಆಕೆ ಏನು ಹೇಳುವಳೋ ಎಂದು ಕೆಳತುಟಿ ಮುಂದೆ ತಂದು ಕಾದ. ಆಕೆ ನೇರ ಕಾರ್ತಿಕನ ಹತ್ತಿರ ಹೋದಳು.

ಕಾರ್ತಿಕ ತೆಲುಗಿನಲ್ಲಿ ಸಮಾಧಾನ ಹೇಳಿದ. ಫೈಲುಗಳೆಲ್ಲ ಸ್ಟುಡಿಯೋದವು, ಗೆರೆ ಯಾರದು ಎಂದು ಜಗಳಾಡುವುದು ಸಣ್ಣ ಮಕ್ಕಳ ಕೆಲಸ, ಈಗಷ್ಟೇ ಬಂದಿದ್ದೀರಿ, ಕೂಸು ಚಿಕ್ಕದು, ಹಗುರ ಕೆಲಸ ತೆಗೆದುಕೊಳ್ಳಿ ಎಂದ. ಹಗುರ ಕೆಲಸವೆಂದರೆ ಮಷೀನಿಗಾಗಿ ದಿನಾ ಒಂದಿಷ್ಟು ಹಾಳೆ ಬರೆದು ಸ್ಕ್ಯಾನ್ ಮಾಡಿ ಹಾಕುವುದು. ಯಾಕೆಂದರೆ ಮಷೀನು ಇತ್ತೀಚೆಗೆ ಅರೆದದ್ದನ್ನೇ ಅರೆಯುತ್ತಿತ್ತು, ಹೊಸದು ಬೇಕಿತ್ತು. ಆಫೀಸಿನ ಹುಡುಗರು ಅದಕ್ಕೆ ಮೇವು ಎಂದು ಹೆಸರಿಟ್ಟರು. ಪ್ರಹ್ಲಾದನ ಬಾಯಿಂದ ಕಲಿತ ಮಾತದು. ಮೇಡಂ, ಇವತ್ತಿನ ಮೇವು ಹಾಕಿದಿರಾ ಎಂದು ತೆಲುಗು ಹುಡುಗರೂ ಕನ್ನಡದ ಮೇವನ್ನೇ ಕೇಳುತ್ತಿದ್ದರು.

ಅಂದು ಸಂಜೆ ಆಕೆ ಮನೆಯಲ್ಲಿ ಎಲ್ಲವನ್ನೂ ಹೇಳಿದಳು, ತರಕಾರಿಯ ದರ ಹೇಳಿದಷ್ಟೇ ಸಪಾಟು ದನಿಯಲ್ಲಿ. ಬ್ಯಾಂಕಿನಲ್ಲಿರುವ ಚೇತನಕುಮಾರ ಬ್ಯಾಂಕಿನವನ ಹಾಗೆಯೇ ಯೋಚಿಸಿದ. ಒಂದು ಅರ್ಜಿ ಬರೆದುಕೊಡು, ಇಲ್ಲವೇ ಕೆಲಸ ಬಿಡು, ಪುಣೆಯಲ್ಲೋ ಚೆನ್ನೈಯಲ್ಲೋ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದ. ಪಾರ್ವತಿಬಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಅಲ್ಲಾಡಿಸುತ್ತ ಕೇಳುತ್ತಿದ್ದವರು ನಡುವೆ ಬಾಯಿ ಹಾಕಿದರು.

"ಅರ್ಜಿ ಬರದ್ರ ಅಂವಗ ಏನ್ ನೋಯತೈತಿ? ನನ್ನ ಕೈಯಾನ ಹೋಳಗಿ ತಿಂದು, ತೊಟ್ಟಲಾ ತೂಗಿ, ಒಳಗೊಳಗ ಇಂಥಾದ್ದು ಮಾಡ್ಯಾನ. ಸುಮ್ಮನ ಬಿಟ್ಟಿ ಅಂದ್ರ ನೋಡು ಮತ್ತ, ಶೈಲಾ."

ಸುಮ್ಮನೆ ಬಿಡುವ ವಿಚಾರ ಆಕೆಗೂ ಇರಲಿಲ್ಲ. ಬೇರೆ ಕೆಲಸ ಬೇಡ, ಅರ್ಜಿಯೂ ಬೇಡ. ಅದೇ ಹಾಲಿನಲ್ಲಿ, ಅದೇ ಜನರ ಎದುರಿಗೆ, ಅದೇ ಬಾಯಿಂದ ಈ ಗೆರೆ ಶೈಲಕ್ಕನದು ಎಂಬ ಮಾತು ಬರಬೇಕು. ಅಲ್ಲಿಯವರೆಗೆ ಈ ನೌಕರಿ ಬಿಡುವುದಿಲ್ಲ ಎಂದು ಹೇಳಿ ಕೂಸಿಗೆ ಹಾಲೂಡಿಸಲು ಒಳಗೆ ಹೋದಳು. ಆದರೆ ಹೇಗೆ ಎಂಬುದು ಆಕೆಗೆ ಆಗ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಬೇಸರದಲ್ಲಿ. ಮೀಟಿಂಗೊಂದರಲ್ಲಿ ಬಣ್ಣ ಹಾಕುವ ಹುಡುಗಿಯೊಬ್ಬಳು ಅಂಜುತ್ತ ಏನೋ ಹೇಳುತ್ತಿದ್ದಳು, ಪ್ರಹ್ಲಾದ ಎಂದಿನಂತೆ ತುಟಿ ಮುಂದೆ ಬಿಟ್ಟು ಕೇಳುತ್ತಿದ್ದ. ಶೈಲಶ್ರೀ ಮೇವಿನ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಕಾರು ಬರೆದಳು. ದೀಪಗಳ ಮೇಲೆ ಭಾರವಾದ ರೆಪ್ಪೆ, ಕೆಳಗೆ ಬಂಪರಿನ ಜಾಗದಲ್ಲಿ ಆ ತುಟಿ. ಮನಸ್ಸು ತುಸು ಹಗುರಾಯಿತು. ಮೂಲೆಯದನ್ನು ಅಳಿಸುವುದು ಮರೆತು ಹಾಳೆಯನ್ನು ಹಾಗೆಯೇ ಸ್ಕ್ಯಾನ್ ಮಾಡಿದಳು.

ಕೆಲವು ದಿನ ಬಿಟ್ಟು ಮಷೀನು ಕೊಟ್ಟ ಚಿತ್ರಗಳಲ್ಲೊಂದನ್ನು ನೋಡಿ ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಂಪರು ಕೂದಲೆಳೆಯಷ್ಟು ಮುಂದೆ ಬಂದಿತ್ತು. ತನ್ನ ಭ್ರಮೆಯೇ ಇರಬಹುದು. ಆದರೂ ಪರೀಕ್ಷೆಗೆಂದು ಮರುದಿನ ಆರು ಮುಖ ಬರೆದು ಹಾಕಿದಳು, ಮುಂದಿನ ವಾರ ಇನ್ನಷ್ಟು. ತುಟಿ ಬರತೊಡಗಿತು. ಮಷೀನು ಹಾಕಿದ್ದನ್ನು ತಿನ್ನುತ್ತದೆ, ತಿಂದದ್ದನ್ನು ಕಕ್ಕುತ್ತದೆ. ಹಾಕುವವಳ ಹೊಟ್ಟೆಯಲ್ಲಿ ಏನಿದೆ ಎಂದು ಅದು ಕೇಳುವುದಿಲ್ಲ. ಕೇಳಬೇಕಾಗಿದ್ದವನು ಪ್ರಹ್ಲಾದ. ಅವನು ಕೈಯಲ್ಲಿ ಬರೆದ ಹಾಳೆ ತೆರೆದು ನೋಡುವುದನ್ನೇ ಬಿಟ್ಟಿದ್ದ.

ಅಂದಿನಿಂದ ಶೈಲಶ್ರೀ ಅವನನ್ನು ನೋಡುವುದಕ್ಕೆ ಕೂತಳು. ಪ್ರೀತಿಸಿ ಮದುವೆಯಾದ ಗಂಡನನ್ನೂ ಆಕೆ ಅಷ್ಟು ನೋಡಿದವಳಲ್ಲ. ಚಹಾ ಕುಡಿಯುವಾಗ, ಫೋನಿನಲ್ಲಿ ಇರುವಾಗ, ಕಾರ್ತಿಕನೆದುರು ನಿಂತಾಗ ಆ ಮುಖ ಏನಾಗುತ್ತದೆ. ರೆಪ್ಪೆ ಎಲ್ಲಿ ಮಡಚುತ್ತದೆ. ಗಲ್ಲದ ಕೆಳಗಿನ ಗುಳಿ ನಂಬರ್ ಪ್ಲೇಟಿನ ಜಾಗಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ. ಮನೆಯಲ್ಲಿ ತಾರಾ ಅಳುತ್ತಿದ್ದರೂ ತಲೆಯೊಳಗೆ ಆ ತುಟಿಯ ಅಂಚು ತಿರುಗುತ್ತಲೇ ಇರುತ್ತಿತ್ತು. ದ್ವೇಷದಲ್ಲಿ ಬರೆಯುವಾಗ ಕೈ ಇಷ್ಟು ನಿಖರವಾಗುತ್ತದೆ ಎಂದು ಆಕೆಗೆ ತಿಳಿದಿರಲಿಲ್ಲ. ಒಂದು ಗೆರೆಯೂ ಸುಮ್ಮನೆ ಬೀಳುತ್ತಿರಲಿಲ್ಲ. ಬರೆದು ಮುಗಿಸಿದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡಿ, ಚಂದ ಬಂದಿದೆ ಅನ್ನಿಸಿದರೆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಅವನಿಗೆ ಇಷ್ಟು ಚಂದ ಯಾಕೆ ಕೊಡಬೇಕು? ಆದರೂ ಕೊಟ್ಟಳು. ಮೇವು ಎಂದರಲ್ಲ, ತಿನ್ನಲಿ.

ಆ ಹೊತ್ತಿಗೆ ಕಲ್ಲೇಶನ ಕಾರಿನ ಕೆಲಸ ಬಂತು. ಕಲಬುರಗಿ ಕಡೆಯವನೇ, ಹೈದರಾಬಾದಿನಲ್ಲಿ ಸರಕಿನ ಆಟೋ ಮಾಡಿ ದೊಡ್ಡವನಾದವನು, ಈಗ ಕರೆಂಟಿನ ಸಣ್ಣ ಕಾರು ಮಾಡುವ ಹಂಬಲ. ಪ್ರಹ್ಲಾದ ಮಷೀನಿಗೆ ಹೇಳಿದ, ಅದು ಕೊಟ್ಟಿತು, ಅವನು ಒಂದನ್ನು ಆರಿಸಿದ. ಈ ಕಸುಬಿನವರು ಚಿತ್ರವನ್ನು ಯಾವಾಗಲೂ ಓರೆಯಾಗಿ ನೋಡುತ್ತಾರೆ, ಮುಖವೂ ಕಾಣಬೇಕು, ಪಕ್ಕವೂ ಕಾಣಬೇಕು ಅಂತ. ಓರೆಯಾಗಿ ನೋಡಿದರೆ ಅದು ಬರೀ ಗತ್ತಿನ ಕಾರು. ನೆಟ್ಟಗೆ ಎದುರು ನಿಂತವರಿಗಷ್ಟೇ ಮುಖ. ಮತ್ತೆ, ತನ್ನ ತುಟಿಯ ಚಾಳಿ ಅವನು ಕಂಡದ್ದಾದರೂ ಎಲ್ಲಿ? ಕನ್ನಡಿಯ ಮುಂದೆ ಯಾರೂ ಬೇರೆಯವರ ಮಾತು ಕೇಳುತ್ತ ನಿಲ್ಲುವುದಿಲ್ಲ.

ಸಾಬಣ್ಣನಿಗೆ ಮಾತ್ರ ಕ್ಲೇ ಮೆತ್ತಿ ಕೆರೆಯುವಾಗ ಗೊತ್ತಾಯಿತು. ಒಂದು ದಿನ ಚಹಾದ ಹೊತ್ತಿಗೆ ಶೈಲಶ್ರೀಯ ಪಕ್ಕ ಬಂದು ನಿಂತ.

"ಅಕ್ಕೋರ, ಈ ತುಟಿ ಕೆರಿಯುವಾಗ ಯಾಕೋ ಯಾರಿಗೋ ದಾಡಿ ಮಾಡಾಕತ್ತೀನಿ ಅನಸತೈತಿ ನೋಡ್ರಿ."

"ಹಗೂರಕ ಮಾಡ್ರಿ," ಅಂದಳು ಆಕೆ. "ಗಾಯ ಆಗಬಾರದು."

ಅವನು ಮೀಸೆಯಲ್ಲೇ ನಕ್ಕು ಹೋದ. ಕ್ಲೇ ಹುಡುಗರೆಲ್ಲರಿಗೂ ಸುದ್ದಿ ಮುಟ್ಟಿತು. ಯಾರೂ ಬಾಯಿ ಬಿಡಲಿಲ್ಲ. ಪ್ರಹ್ಲಾದ ಹತ್ತಿರ ಬಂದರೆ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬರುತ್ತಿತ್ತು.

ಕಲ್ಲೇಶ ಮಾಡೆಲ್ ನೋಡಲು ಬಂದ ದಿನ ತಾಯಿ ಶಿವದೇವಿಯನ್ನೂ ಕರೆತಂದಿದ್ದ. ಅವ್ವ ನೋಡದೆ ಅವನು ಯಾವುದನ್ನೂ ಒಪ್ಪುವವನಲ್ಲವಂತೆ. ಬಟ್ಟೆ ಸರಿಸಿದರು. ಎಲ್ಲರೂ ಓರೆಯಲ್ಲಿ ಸಾಲಾಗಿ ನಿಂತರು. ಪ್ರಹ್ಲಾದ ಕಾರಿನ ಮುಂಭಾಗದ ಪಕ್ಕ ಕನ್ನಡಿಗೆ ಹತ್ತಿರವಾಗಿ ನಿಂತು, ಮಷೀನಿನ ಜೊತೆ ತಾನು ಹೇಗೆ ದುಡಿದೆ, ಇದರ ಒಂದೊಂದು ಗೆರೆಯ ಹಿಂದೆ ತನ್ನ ಎಷ್ಟು ವಿಚಾರವಿದೆ ಎಂದು ವಿವರಿಸಿದ. ಕಲ್ಲೇಶ ಬ್ಯಾಟರಿ ಎಲ್ಲಿ ಕೂರುತ್ತದೆ ಎಂದು ಕೇಳತೊಡಗಿದ. ಶೈಲಶ್ರೀ ಹಿಂದಿನ ಸಾಲಿನಲ್ಲಿದ್ದಳು.

ಶಿವದೇವಿಗೆ ಬ್ಯಾಟರಿಯ ಮಾತು ಬೇಡವಾಗಿತ್ತು. ಹೊಸ ಗಾಡಿಯ ಹಣೆಗೆ ವಿಭೂತಿ ಹಚ್ಚದೆ ಅವರು ಮುಂದಿನ ಮಾತಾಡುವವರಲ್ಲ. ಕ್ಲೇ ಆದರೇನು, ಗಾಡಿ ಗಾಡಿಯೇ. ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದುಕೊಂಡು ನೆಟ್ಟಗೆ ಕಾರಿನ ಮುಂದೆ ಹೋಗಿ, ಕ್ಲೇಯ ಕಡೆಗೆ ತುಸು ಸರಿದು ಬಗ್ಗಿದರು. ಕೈ ಅಲ್ಲಿಯೇ ನಿಂತಿತು. ಅವರಿಗೆ ಕಂಡದ್ದು ಕನ್ನಡಿಯಲ್ಲಿ ಕೂಡಿ ಇಡಿಯಾದ ಒಂದು ಮುಖ. ಆಚೆ ಈಚೆ, ಒಬ್ಬ ನಿಜವಾದವನು, ಒಬ್ಬ ಕನ್ನಡಿಯೊಳಗಿನವನು, ಇಬ್ಬರು ಪ್ರಹ್ಲಾದರು ತುಟಿ ಉಬ್ಬಿಸಿಕೊಂಡು ಬ್ಯಾಟರಿಯ ಮಾತು ಕೇಳುತ್ತಿದ್ದರು.

"ಕಲ್ಲೇಶ," ಎಂದರು ಶಿವದೇವಿ. "ಇಲ್ಲಿ ಬಾ. ಇದು ಈ ತಮ್ಮನ ಮಾರೀನ ಐತಲ್ಲೋ."

ಮೊದಲು ಕ್ಲೇ ಹುಡುಗರ ಕಡೆಯಿಂದ ಒಂದು ಮೂಗಿನ ಸದ್ದು ಹೊರಟಿತು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಅಮ್ಮ ಏನು ಹೇಳಿದರು ಎಂದು ಕಾರ್ತಿಕ ಕೇಳಿದ. ಯಾರೋ ತೆಲುಗಿನಲ್ಲಿ ಹೇಳಿದರು. ಅವನು ಎದುರಿಗೆ ಹೋಗಿ ನಿಂತು ಕಾರನ್ನು ನೋಡಿದ, ಪ್ರಹ್ಲಾದನನ್ನು ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಪ್ರಹ್ಲಾದನ ತುಟಿ ಇನ್ನಷ್ಟು ಮುಂದೆ ಬಂತು. ನಗೆ ಇನ್ನಷ್ಟು ಎದ್ದಿತು. ಅವನು ಕನ್ನಡಿಯತ್ತ ತಿರುಗಿದ. ಆ ಹೊತ್ತಿಗೆ ಅವನಿಗೂ ಕಂಡಿರಬೇಕು. ಕಿವಿಯ ತುದಿ ಕೆಂಪಾಯಿತು.

"ಇದರಾಗ ನಂದೇನೂ ಇಲ್ರಿ," ಎಂದ. "ಮಷೀನ್ ತೆಗದದ್ದು. ನಾ ಒಂದು ಗೆರಿ ಸುದ್ದಾ ಹಾಕಿಲ್ಲ."

ಶೈಲಶ್ರೀ ಆ ಮಾತನ್ನು ಬಾಯಲ್ಲಿಟ್ಟ ಬೆಲ್ಲದ ಚೂರಿನ ಹಾಗೆ ಚಪ್ಪರಿಸಿದಳು. ಆಕೆ ಲೆಕ್ಕ ಹಾಕಿದ್ದು ಅಷ್ಟಕ್ಕೇ. ಕಾರು ತಿರಸ್ಕೃತವಾಗುತ್ತದೆ, ಅವನ ಮರ್ಯಾದೆ ಹೋಗುತ್ತದೆ. ಆದರೆ ಕಲ್ಲೇಶ ನಗುತ್ತಿರಲಿಲ್ಲ. ಮೊಣಕಾಲೂರಿ ಕಾರಿನ ಮುಖದ ಎದುರು ಕೂತಿದ್ದ.

"ಎಲ್ಲಾ ಕಡೆ ನನಗ ತೋರಿಸಿದ ಗಾಡಿ ಒಂದ ತಾಯಿ ಮಕ್ಕಳಂಗ ಅದಾವ," ಎಂದ. "ಇದು ನೋಡ್ರಿ, ನನ್ನ ಕಡೆ ನೋಡಿ ನೀ ಯಾವ ಊರಾಂವ ಅಂತ ಕೇಳಾಕತ್ತೈತಿ. ಇದಕ್ಕೊಂದು ಸ್ವಭಾವ ಐತಿ. ನನಗ ಇದ ಬೇಕು. ಯಾರ್ ತೆಗದ್ರು ಇದನ್ನ?"

ಪ್ರಹ್ಲಾದ ಬಾಯಿ ತೆರೆದ. ಆಡಿದ ಮಾತು ಇನ್ನೂ ಅಲ್ಲೇ ಗಾಳಿಯಲ್ಲಿ ನಿಂತಿತ್ತು, ಅದನ್ನು ನುಂಗುವುದು ಹೇಗೆಂದು ತಿಳಿಯದೆ ಬಾಯಿ ಮುಚ್ಚಿದ.

"ನಂದ್ರಿ," ಎಂದಳು ಶೈಲಶ್ರೀ.

ಇವರ ಮುಖ ನೋಡಿಯೇ ತೆಗೆದಿರಾ ಎಂದು ಕಲ್ಲೇಶ ಕೇಳಿದ. ದಿನಾ ಎದುರಿಗೆ ಕೂರುತ್ತಾರೆ, ಕಣ್ಣಿಗೆ ಬಿತ್ತು ಎಂದಳು. ಮೇವಿನ ಹಾಳೆಗಳನ್ನು ತಂದು ಕಾರ್ತಿಕನ ಮುಂದೆ ಹರಡಿದಳು. ಒಂದರ ಮೇಲೊಂದು ಪ್ರಹ್ಲಾದರು. ಕಾರ್ತಿಕ ಒಂದೊಂದಾಗಿ ತಿರುವಿದ. ಗಿರಾಕಿಯ ಮುಖ ನೋಡಿ, ಹಾಳೆಗಳನ್ನು ನೀಟಾಗಿ ಜೋಡಿಸಿಟ್ಟ. ಪ್ರಹ್ಲಾದ ಅಷ್ಟರಲ್ಲಿ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿದ್ದ. ಹಾಗಾಗಿ ಶಿವದೇವಿ ಹೊರಡುವಾಗ ಹೇಳಿದ ಮಾತು ಅವನ ಕಿವಿಗೆ ಬೀಳಲಿಲ್ಲ.

"ಆ ತುಟಿ ಮಾತ್ರ ಯಾರೂ ಮುಟ್ಟಬ್ಯಾಡ್ರಿ. ತುಟಿ ಹೋದ್ರ ಗಾಡಿ ಹೋತು."

ಕಲ್ಲೇಶ ಕಾರ್ತಿಕನಿಗೆ ಅದನ್ನೇ ಒಪ್ಪಂದದ ಮಾತಾಗಿ ಹೇಳಿ ಹೋದ. ಶೈಲಶ್ರೀ ಕೇಳಿಸಿಕೊಂಡಳು.

ಮರುದಿನದಿಂದ ಸಣ್ಣ ಕಾರು ಅಕ್ಕೋರ ಗಾಡಿಯಾಯಿತು. ಮೊದಲಿನ ದೊಡ್ಡ ಕಾರು, ಆ ಭುಜ ನಡು ಸೊಂಟದ್ದು, ಇನ್ನೂ ಪ್ರಹ್ಲಾದ ಸರ್ ಗಾಡಿಯೇ. ಅದು ಹಾಲಿನ ಆಚೆ ತುದಿಯಲ್ಲಿ ಮಲಗಿತ್ತು. ಅದನ್ನು ದಾಟಿಯೇ ಆಕೆ ತನ್ನ ಮೇಜಿಗೆ ಹೋಗಬೇಕಿತ್ತು.

ಪ್ರಹ್ಲಾದನ ಸ್ಥಿತಿ ಕೇಳಬಾರದು. ಮಾಡೆಲ್ಲಿನ ಫೋಟೋ ಯಾರ ಫೋನಿನಿಂದಲೋ ಹೊರಬಿದ್ದಿತ್ತು. ಗೇಟಿನ ವಾಚಮನ್ ಕೂಡ ಅವನ ಬೈಕು ನೋಡಿ, ಸಾಬ್, ನಿಮ್ಮ ಸ್ವಂತ ಗಾಡಿ ಯಾವಾಗ ತರುತ್ತೀರಿ ಎಂದು ಕೇಳಿದನಂತೆ. ಮೀಟಿಂಗಿನಲ್ಲಿ ಅವನು ತುಟಿಗೆ ಪೆನ್ನು ಒತ್ತಿ ಹಿಡಿದು ಕೂರತೊಡಗಿದ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಕೆಯ ಹತ್ತಿರ ಬಂದ.

"ಅಕ್ಕಾ, ತುಟಿ ಒಂಚೂರು ಒಳಗ ತಗೋರಿ. ಊರಾಗ ನನಗ ಹೆಣ್ಣು ನೋಡಾಕತ್ತಾರ. ಹೆಣ್ಣಿನ ಮನಿಗೆ ಆ ಫೋಟೋ ಮುಟ್ಟೈತಿ. ನಾಳೆ ಆ ಗಾಡಿ ರೋಡಿಗೆ ಬಂದ್ರ ನಾ ಎಲ್ಲಿ ಹೋಗಲಿ?"

ಆಕೆ ಡಬ್ಬಿ ಮುಚ್ಚಿದಳು. "ನೀ ನನ್ನ ಗೆರಿ ತಗೊಂಡಿ. ನಾ ನಿನ್ನ ಮಾರಿ ತಗೊಂಡೆ. ಗೆರಿ ತಿರುಗಿ ಕೊಡು, ಆಮ್ಯಾಲೆ ಮಾರಿ ಮಾತಾಡೋಣು."

"ಹ್ಯಾಂಗ ಕೊಡಲ್ರಿ?"

"ಸೋಮವಾರ ಮೀಟಿಂಗಿನ್ಯಾಗ, ಎಲ್ಲಾರ ಮುಂದ. ಆ ಗಾಡಿ ಹತ್ರ ನಿಂತು ಹೇಳು, ಇದು ಯಾರದು, ಹ್ಯಾಂಗ ಬಂತು ಅಂತ."

ಆಕೆ ತುಟಿ ಒಳಗೆ ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ಅವನು ಹಾಗೆಂದು ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದೇ ಆಕೆ ಮಾತನ್ನು ಅಲ್ಲಿಗೆ ನಿಲ್ಲಿಸಿದ್ದಳು.

ಸೋಮವಾರ ಅವನು ಹೇಳಿದ. ದೊಡ್ಡ ಕಾರಿನ ಪಕ್ಕ ನಿಂತು, ನೆಲ ನೋಡುತ್ತ, ತೆಲುಗಿನಲ್ಲಿ. ಈ ಗೆರೆ ಮಷೀನಿಗೆ ತಾನಾಗಿ ಹೊಳೆದದ್ದಲ್ಲ, ಶೈಲಕ್ಕ ಹೆರಿಗೆಗೆ ಮುಂಚೆ ಬರೆದು ನನಗೆ ಕಳಿಸಿದ್ದು, ಅದನ್ನು ನಾನೇ ಒಳಗೆ ಹಾಕಿದ್ದು, ಗೊತ್ತಿದ್ದೂ ಹೇಳಲಿಲ್ಲ. ಫೋನು ತೆಗೆದು ಆಕೆ ಕಳಿಸಿದ ಚಿತ್ರವನ್ನು ಕಾರ್ತಿಕನಿಗೆ ತೋರಿಸಿದ. ಹಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

"ಕನ್ನಡದಾಗೂ ಹೇಳು," ಎಂದಳು ಶೈಲಶ್ರೀ. "ಸಾಬಣ್ಣಗ ಚಂದಂಗೆ ತಿಳೀಲಿ."

ಇಪ್ಪತ್ತು ವರ್ಷದಿಂದ ಹೈದರಾಬಾದಿನಲ್ಲಿರುವ ಸಾಬಣ್ಣನಿಗೆ ತೆಲುಗು ತಿಳಿಯದೆ ಏನು. ಅವನು ತಲೆ ಕೆರೆದುಕೊಂಡ. ಪ್ರಹ್ಲಾದ ಆಕೆಯ ಮುಖವನ್ನೊಮ್ಮೆ ನೋಡಿ, ಎಲ್ಲವನ್ನೂ ಇನ್ನೊಂದು ಸಲ, ಇನ್ನೂ ಸಣ್ಣ ದನಿಯಲ್ಲಿ, ಸೇಡಂನ ಕನ್ನಡದಲ್ಲಿ ಹೇಳಿದ. ಅವ್ವನ ಹತ್ತಿರ ಮಾ‌ತಾಡುವ ಕನ್ನಡದಲ್ಲಿ. ಕಾರ್ತಿಕ ಕ್ಷಮೆ ಕೇಳಲಿಲ್ಲ, ಆದರೆ ಕಂಪನಿಗೆ ಹೋಗುವ ಕಾಗದಗಳಲ್ಲಿ ಹೆಸರು ಬದಲಾಯಿಸಲು ಅಲ್ಲಿಯೇ ಹೇಳಿದ. ಸಾಬಣ್ಣ ಹುಡುಗರ ಕಡೆ ತಿರುಗಿ, ಬರ್ರಿ, ಅಕ್ಕೋರ ದೊಡ್ಡ ಗಾಡಿ ಬಾಗಲಾ ಬಾಕಿ ಐತಿ ಎಂದ.

ಸಂಜೆ ಪ್ರಹ್ಲಾದ ಸಣ್ಣ ಕಾರಿನ ಹತ್ತಿರ ಬಂದು ಕಾದು ನಿಂತ. ಆಕೆ ದೀಪದ ಅಂಚು ತಿದ್ದುತ್ತಿದ್ದಳು.

"ಅಕ್ಕಾ, ತುಟಿ?"

"ಅದು ಆಗಂಗಿಲ್ಲೋ. ಶಿವದೇವಮ್ಮ ಬ್ಯಾಡ ಅಂದಾರ. ಒಪ್ಪಂದದಾಗ ಬರದಾರ."

"ಯಾವಾಗ ಅಂದ್ರು?"

"ಅವತ್ತ. ನೀ ನೀರು ಕುಡ್ಯಾಕ ಹೋಗಿದ್ದಿ."

ಅವನು ಬೆರಳು ಮಡಚಿ ದಿನ ಲೆಕ್ಕ ಹಾಕಿದ. "ಅಂದ್ರ ನನ್ನ ಕಡಿಂದ ಹೇಳಸುವಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು."

ಅವನ ತುಟಿ ಮುಂದೆ ಬರಲಿಲ್ಲ. ಒಳಗೆ ಹೋಯಿತು, ಹಲ್ಲಿನ ನಡುವೆ. ರೆಪ್ಪೆ ಪೂರ್ತಿ ತೆರೆದಿತ್ತು. ಇಷ್ಟು ತಿಂಗಳು ನೋಡಿದರೂ ಈ ಮುಖವನ್ನು ಆಕೆ ನೋಡಿರಲಿಲ್ಲ. ಬರೆಯಬಹುದಾದ ಮುಖ. ಕೈ ಒಂದು ಗಳಿಗೆ ಪೆನ್ಸಿಲ್ಲಿನ ಕಡೆ ಹೋಗಿ, ಬೇಡವೆಂದು ಹಿಂದೆ ಬಂತು. ಹೊತ್ತಾಯಿತು, ಮನೆಗೆ ಹೋಗು ಎಂದಳು. ಅವನು ಹೋದ.

ಮೆಹದಿಪಟ್ಟಣಂನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಶ್ಚಾತ್ತಾಪವೆಂಬುದು ಒಳಗೆ ಎಲ್ಲಾದರೂ ಇದೆಯೇನೋ ಎಂದು ಆಕೆ ಪರ್ಸಿನಲ್ಲಿ ಚಿಲ್ಲರೆ ತಡಕಾಡಿದ ಹಾಗೆ ತಡಕಾಡಿದಳು. ಇರಲಿಲ್ಲ. ಹಸಿವೆ ಮಾತ್ರ ಬಲವಾಗಿ ಆಗಿತ್ತು. ಎದೆಯಲ್ಲಿ ಹಾಲು ತುಂಬಿ ಬಿಗಿಯುತ್ತಿತ್ತು. ಫೋನು ತೆಗೆದು, ಇನ್ನರ್ಧ ಗಂಟೆಗೆ ಬರುತ್ತೇನೆ, ತಾರಾಗೆ ಏನೂ ಕುಡಿಸಬೇಡಿ ಎಂದು ಅತ್ತೆಗೆ ಹೇಳಿದಳು. ಹೋದ ಕೆಲಸ ಏನಾಯಿತು ಎಂದು ಪಾರ್ವತಿಬಾಯಿ ಕೇಳಿದರು.

"ಆತ್ರಿ ಅತ್ತಿ," ಎಂದಳು. "ಎರಡು ಸಲ ಹೇಳಿಸಿದೆ."